ಮರದ ನಾಡದೋಣಿಗೆ ಫೈಬರ್ ಹೊದಿಕೆ, ಹಿಂಬದಿಗೆ ಇಂಜಿನ್: ಮಾಡುವ ಬಗೆ, ಕೈಕೊಡುವ ಜಾಗ

ಇಲ್ಲಿ ಹೇಳುತ್ತಿರುವುದು 24 ಅಡಿ ಉದ್ದ, ಆರಡಿ ಅಗಲದ ಹಳೆಯ ಮರದ ದೋಣಿಯ ಲೆಕ್ಕ. ಹೊರಮೈಗೆ ಫೈಬರ್ (ಗಾಜಿನ ಎಳೆಯ ಹಾಸು, ಅದನ್ನು ಹಿಡಿದು ಗಟ್ಟಿಯಾಗುವ ರೆಸಿನ್ ಎಂಬ ಅಂಟುದ್ರವ) ಹೊದೆಸಿ, ಹಿಂಬದಿಯಲ್ಲಿ 9.9 ಅಶ್ವಶಕ್ತಿಯ ಸೀಮೆಎಣ್ಣೆ ಇಂಜಿನ್ ಕೂರಿಸುವ ಕೆಲಸ. 9.9 ಯಾಕೆಂದರೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ 61 ದಿನಗಳಲ್ಲೂ 10 ಅಶ್ವಶಕ್ತಿಯವರೆಗಿನ ನಾಡದೋಣಿ ಕಡಲಿಗೆ ಇಳಿಯಬಹುದು. ಫೈಬರ್ ಕೆಲಸಕ್ಕೆ ಮಾತ್ರ ಆ ದಿನಗಳು ಪ್ರಯೋಜನಕ್ಕಿಲ್ಲ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು.

ಫೈಬರ್ ಕಿತ್ತುಬಂತು ಎಂದಾಗ ಎಲ್ಲರೂ ಮೊದಲು ದೂರುವುದು ರೆಸಿನ್ನನ್ನು. ನಾನು ಬಿಚ್ಚಿ ನೋಡಿದ ಕಡೆಯಲ್ಲೆಲ್ಲ ಹೆಚ್ಚುಕಮ್ಮಿ ಒಂದೇ ಕಾರಣ: ಒಳಗಿನ ಮರ ಒಣಗಿರಲಿಲ್ಲ, ಇಲ್ಲವೇ ಎಣ್ಣೆ ಕುಡಿದಿತ್ತು. ದೋಣಿಯನ್ನು ದಡಕ್ಕೆಳೆದು, ಕವುಚಿ, ನೆರಳಿನಲ್ಲಿ ಕನಿಷ್ಠ ಒಂದು ತಿಂಗಳು ಬಿಡಬೇಕು. ನೇರ ಬಿಸಿಲಿಗೆ ಬಿಟ್ಟರೆ ಹಲಗೆ ಸೀಳುತ್ತದೆ. ಒಣಗಿದೆಯೇ ಎಂದು ತಿಳಿಯಲು ಮೀಟರ್ ಬೇಕಿಲ್ಲ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಂಜೆ ಹಲಗೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಸುತ್ತಿ ಬಿಡಿ. ಮರುದಿನ ಬಿಸಿಲು ಬಿದ್ದು ಎರಡು ಗಂಟೆಯ ಮೇಲೆ ನೋಡಿದಾಗ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಅಡಿಭಾಗದ ನಡುವೆ, ಕೀಲ್ (ದೋಣಿಯ ತಳದ ಉದ್ದದ ನಡುಮರ) ಪಕ್ಕದ ಹಲಗೆಯಲ್ಲೇ ಈ ಪರೀಕ್ಷೆ ಮಾಡಿ. ಮೇಲಂಚಿನ ಹಲಗೆ ಯಾವಾಗಲೂ ಒಣಗಿರುತ್ತದೆ, ಅದನ್ನು ನಂಬಿ ಮೋಸಹೋಗುವುದು ಸುಲಭ.

ಎಣ್ಣೆಯದು ಇನ್ನೂ ದೊಡ್ಡ ತಲೆನೋವು. ವರ್ಷಗಟ್ಟಲೆ ಗೇರೆಣ್ಣೆ, ಮೀನೆಣ್ಣೆ ಬಳಿದ ಮರಕ್ಕೆ ರೆಸಿನ್ ಹಿಡಿಯುವುದಿಲ್ಲ. ಬರೀ ಮರಳುಕಾಗದದಿಂದ ಉಜ್ಜಿದರೆ ಬಿಸಿಗೆ ಎಣ್ಣೆ ಮೇಲೆದ್ದು ಮೈಯೆಲ್ಲ ಹರಡುತ್ತದೆ. ಮೊದಲು ಕೈ ಉಳಿಯಿಂದ ಒಂದೆರಡು ಮಿ.ಮೀ. ಹೆರೆದು, ಆಮೇಲೆ 40 ನಂಬರಿನ ಡಿಸ್ಕ್ ಹಾಕಿ, ಕೊನೆಗೆ ಅಸಿಟೋನ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಕಂದಾಗುವುದು ನಿಲ್ಲುವವರೆಗೂ ಬಟ್ಟೆ ಬದಲಿಸುತ್ತಿರಿ. ನಂತರ ಬೆರಳಿನಿಂದ ನೀರು ಚಿಮುಕಿಸಿ: ನೀರು ಮರಕ್ಕೆ ಇಂಗಿದರೆ ಸರಿ, ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತರೆ ಅಲ್ಲಿ ಇನ್ನೂ ಎಣ್ಣೆಯಿದೆ. ಹೆರೆದಷ್ಟೂ ಎಣ್ಣೆ ಬರುತ್ತಿದ್ದರೆ ಆ ದೋಣಿಗೆ ಫೈಬರ್ ಆಸೆ ಬಿಡುವುದು ಒಳ್ಳೆಯದು. ಹೀಗೆ ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ.

ಹಲಗೆಯ ಸಂದಿಗಳಿಗೆ ಗಟ್ಟಿ ಪುಟ್ಟಿಯನ್ನು ಒತ್ತಿ ತುಂಬಬೇಡಿ. ಎಲ್ಲಿಂದಲೋ ತೇವ ಸೇರಿ ಹಲಗೆ ಉಬ್ಬಿದಾಗ ಪುಟ್ಟಿ ಜಾಗ ಕೊಡುವುದಿಲ್ಲ. ಹಲಗೆಗಳು ಒಂದನ್ನೊಂದು ತಳ್ಳಿ ಮೊಳೆ ಸಡಿಲಾಗುತ್ತದೆ, ಅದರ ಮೇಲಿನ ಫೈಬರ್ ಉದ್ದಕ್ಕೆ ಬಿರಿಯುತ್ತದೆ. ಬಾಗುವ ಪಾಲಿಯುರೆಥೇನ್ ಸೀಲೆಂಟ್ ತುಂಬಿ, ಮೈಮಟ್ಟಕ್ಕಿಂತ ಸ್ವಲ್ಪ ಒಳಗೇ ನಿಲ್ಲಿಸಿ. ಮ್ಯಾಟ್, ಅಂದರೆ ಗಾಜಿನ ಎಳೆಯ ಹಾಸು, ಚೂಪು ಅಂಚಿಗೆ ಬಾಗದು, ಎದ್ದು ನಿಂತು ಕೆಳಗೆ ಗಾಳಿ ಹಿಡಿಯುತ್ತದೆ. ಕೀಲ್‌ನ ಅಂಚು, ಮೂತಿಯ ಅಂಚುಗಳನ್ನು ಹೆಬ್ಬೆರಳಿನಷ್ಟು ಗುಂಡಗೆ ಮಾಡಿ. ಕೀಲ್ ಮತ್ತು ಹಲಗೆ ಸೇರುವ ಒಳಮೂಲೆಗೆ ರೆಸಿನ್‌ನಲ್ಲಿ ಟಾಲ್ಕ್ ಪುಡಿ ಕಲಸಿ ಇಳಿಜಾರು ತುಂಬಿ.

ಇನ್ನು ಸಾಮಾನು. ಈ ಅಳತೆಯ ದೋಣಿಯ ಹೊರಮೈ ಸುಮಾರು 15 ಚದರ ಮೀಟರ್. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಮ್ಯಾಟ್ (ತುಂಡು ಎಳೆಗಳ ಹಾಸು) ಮೂರು ಪದರಕ್ಕೆ 20 ಕಿಲೋ ಮ್ಯಾಟ್ ಬೇಕು. ಮ್ಯಾಟ್‌ನ ತೂಕದ ಎರಡೂಕಾಲು ಪಟ್ಟು ರೆಸಿನ್, ಅಂದರೆ 45 ಕಿಲೋ. ಪೋಲಾಗುವುದೂ ಸೇರಿ 52 ಕಿಲೋ ತರಿಸಿ. ಕೆಲಸ ಮುಗಿದಾಗ ದೋಣಿಯ ತೂಕ 65 ಕಿಲೋ ಹೆಚ್ಚಿರುತ್ತದೆ, ಒಬ್ಬ ಆಳು ಕಾಯಂ ಕೂತಂತೆ. ಈ ಲೆಕ್ಕ ಮಾಮೂಲಿ ಪಾಲಿಯೆಸ್ಟರ್ ರೆಸಿನ್ನಿನದು. ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಮರಕ್ಕೆ ಪಾಲಿಯೆಸ್ಟರ್‌ಗಿಂತ ಚೆನ್ನಾಗಿ ಅಂಟುತ್ತದೆ, ಆದರೆ ಬೆಲೆ ಜಾಸ್ತಿ. ಎಪಾಕ್ಸಿ ತೆಗೆದುಕೊಂಡರೆ ಮಾಮೂಲಿ ಚಾಪ್ಡ್ ಮ್ಯಾಟ್ ಬೇಡ, ನೇಯ್ದ ಬಟ್ಟೆಯೇ ಬೇಕು. ಆ ಮ್ಯಾಟ್‌ನ ಎಳೆಗಳನ್ನು ಹಿಡಿದಿಟ್ಟ ಅಂಟು ಕರಗುವುದು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಮ್ಯಾಟ್ ಮೆತ್ತಗಾಗದೆ ರಟ್ಟಿನಂತೆ ಸೆಟೆದು ನಿಲ್ಲುತ್ತದೆ.

ಹಾರ್ಡನರನ್ನು (ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಮುಚ್ಚಳದ ಲೆಕ್ಕದಲ್ಲಿ ಸುರಿಯುವ ಅಭ್ಯಾಸ ಬಿಡಿ. ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಅಳೆಯಿರಿ: ಕಿಲೋ ರೆಸಿನ್‌ಗೆ 10 ಮಿ.ಲೀ., ತಂಪು ದಿನವಾದರೆ 15. 10ಕ್ಕಿಂತ ಕಡಿಮೆಯಾದರೆ ವಾರವಾದರೂ ಪೂರ್ತಿ ಗಟ್ಟಿಯಾಗದು, 20 ದಾಟಿದರೆ ಬೇಗ ಗಟ್ಟಿಯಾದರೂ ಪೆಡಸಾಗುತ್ತದೆ. ಒಮ್ಮೆಗೆ ಅರ್ಧ ಕಿಲೋ ಮಾತ್ರ ಕಲಸಿ, ಅದೂ ಅಗಲ ತಟ್ಟೆಯಲ್ಲಿ. ಬಕೆಟ್‌ನಲ್ಲಿ ಎರಡು ಕಿಲೋ ಕಲಸಿಟ್ಟರೆ ಅದರದೇ ಶಾಖ ಹೊರಗೆ ಹೋಗದೆ ಹೊಗೆಯೇಳುತ್ತದೆ, ಬಕೆಟ್ಟೂ ಕರಗುತ್ತದೆ. ರೆಸಿನ್ ಗುಲಾಬಿ ಅಥವಾ ನೇರಳೆ ಬಣ್ಣದ್ದಾದರೆ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಈಗಾಗಲೇ ಸೇರಿದೆ ಎಂದು ತಿಳಿಯಿರಿ, ಅಂಗಡಿಯಲ್ಲಿ ಕೇಳಿಯೂ ಖಚಿತಪಡಿಸಿಕೊಳ್ಳಿ. ಬೇರೆಯಾಗಿ ತಂದಿದ್ದರೆ ಮೊದಲು ರೆಸಿನ್‌ಗೆ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ತಾಗಿದರೆ ಸಿಡಿಯುತ್ತದೆ; ಒಂದೇ ಅಳತೆ ಲೋಟವನ್ನು ಎರಡಕ್ಕೂ ಬಳಸುವುದೂ ತಪ್ಪು. ಹಾರ್ಡನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕಿಕೊಳ್ಳಿ, ಪಕ್ಕದಲ್ಲಿ ಒಂದು ಕೊಡ ಸಿಹಿನೀರು ಇರಲಿ.

ಮೊದಲ ಪದರವೆಂದರೆ ಮ್ಯಾಟ್ ಇಲ್ಲದ ತೆಳು ರೆಸಿನ್ ಲೇಪ, ಮರ ಕುಡಿಯುವಷ್ಟು. ಅದು ಕೈಗೆ ಅಂಟುವ ಹದದಲ್ಲಿರುವಾಗಲೇ ಮ್ಯಾಟ್ ಹಾಸಿ. ಅಕ್ಕಪಕ್ಕದ ತುಂಡುಗಳು ಎರಡು ಇಂಚು ಒಂದರ ಮೇಲೊಂದು ಬರಲಿ, ಒಂದು ಪದರದ ಜೋಡಣೆಯ ಮೇಲೇ ಇನ್ನೊಂದು ಪದರದ ಜೋಡಣೆ ಬೀಳದಿರಲಿ. ಗೀರುಗಳಿರುವ ಕಬ್ಬಿಣದ ರೋಲರ್‌ನಿಂದ ನಡುವಿನಿಂದ ಅಂಚಿಗೆ ಉರುಳಿಸಿ. ಒದ್ದೆಯಾದ ಮ್ಯಾಟ್‌ನಲ್ಲಿ ಮರದ ಗೆರೆ ಕಾಣುತ್ತದೆ. ಬಿಳಿ ಮಚ್ಚೆ ಉಳಿದ ಕಡೆ ಗಾಳಿಯೋ ಒಣ ಎಳೆಯೋ ಇದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ ಮೂರು ಗಂಟೆಯೊಳಗೆ ನಿಲ್ಲಿಸಿ. ಮರುದಿನ ಮುಂದುವರಿಸುವುದಾದರೆ ಹಳೆಯ ಪದರವನ್ನು ಉಜ್ಜದೆ ಮುಟ್ಟಬೇಡಿ. ಕೊನೆಯ ಲೇಪಕ್ಕೆ ಮೇಣ ಸೇರಿದ ರೆಸಿನ್ ಬೇಕು, ಇಲ್ಲವಾದರೆ ಗಾಳಿ ತಾಗುವ ಮೈ ಅಂಟಂಟಾಗಿಯೇ ಉಳಿಯುತ್ತದೆ.

ಒಳಮೈಗೆ ಫೈಬರ್ ಬೇಡ. ಎರಡೂ ಕಡೆ ಮುಚ್ಚಿದರೆ ಉಳಿದ ತೇವಕ್ಕೆ ದಾರಿಯಿಲ್ಲದೆ ಹಲಗೆ ಒಳಗೊಳಗೇ ಕುಂಬಾಗುತ್ತದೆ, ಹೊರಗೆ ಬಣ್ಣ ಮಾತ್ರ ಚೆಂದ. ಹೊದಿಕೆಯ ಮೇಲಂಚನ್ನು ಮಾತ್ರ ಒಂದು ಮರದ ಪಟ್ಟಿಯ ಅಡಿಗೆ ಸೇರಿಸಿ ಸೀಲೆಂಟ್ ಕೊಡಿ. ಅಲ್ಲಿಂದ ಇಳಿಯುವ ಮಳೆನೀರು ಉಪ್ಪುನೀರಿಗಿಂತ ಹೆಚ್ಚು ಮರ ಕೊಳೆಸುತ್ತದೆ.

ಇಂಜಿನ್‌ಗೆ ಹಿಂಬದಿಯ ಹಲಗೆ 18 ಮಿ.ಮೀ. ಮರೈನ್ ಪ್ಲೈ ಎರಡು ಸೇರಿಸಿ ಅಂಟಿಸಿದ್ದಿರಲಿ. ಪ್ಲೈ ಮೇಲೆ ಐಎಸ್ 710 ಮುದ್ರೆ ನೋಡಿ ತೆಗೆದುಕೊಳ್ಳಿ. ಎತ್ತರದ ಅಳತೆ ಕಡ್ಡಾಯ: ಹಲಗೆಯ ಮೇಲಂಚಿನಿಂದ ಕೀಲ್‌ನ ತಳಕ್ಕೆ ಗಿಡ್ಡ ಕಾಲಿನ (ಶಾರ್ಟ್ ಶಾಫ್ಟ್) ಇಂಜಿನ್‌ಗೆ 15 ಇಂಚು, ಉದ್ದ ಕಾಲಿನ (ಲಾಂಗ್ ಶಾಫ್ಟ್) ಇಂಜಿನ್‌ಗೆ 20. ಪಂಖದ ಮೇಲಿನ ಅಡ್ಡ ತಗಡು ಕೀಲ್‌ನ ತಳಕ್ಕಿಂತ ಒಂದಿಂಚು ಕೆಳಗಿದ್ದರೆ ಹದ. ಮೇಲಾದರೆ ಪಂಖ ಗಾಳಿ ಎಳೆದು ಇಂಜಿನ್ ಅರಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಎತ್ತರ ಸರಿಯಿದ್ದೂ ಹೀಗಾದರೆ ದೋಷ ಕೀಲ್‌ನದು: ಪಂಖದ ನೇರ ಮುಂದೆ ದಪ್ಪ ಮರ ಮೊಂಡಾಗಿ ಮುಗಿದರೆ ಅದರ ಹಿಂದೆ ನೀರು ಕಲಕುತ್ತದೆ. ಕೊನೆಯ ಒಂದೂವರೆ ಅಡಿಯಷ್ಟನ್ನು ಮೀನಿನ ಬಾಲದಂತೆ ತೆಳುವಾಗಿ ಹೆರೆಯಿರಿ.

ಇಂಜಿನ್‌ನ ಹಿಡಿ ತಿರುಪುಗಳನ್ನಷ್ಟೇ ನಂಬಬೇಡಿ, ಆರಪಾರ ಬೋಲ್ಟ್ ಹಾಕಿ, ಸಂಕೋಲೆಯನ್ನೂ ಕಟ್ಟಿ. 12 ಮಿ.ಮೀ. ಬೋಲ್ಟ್‌ಗೆ 12ರ ತೂತು ಕೊರೆದು ಬಿಗಿದರೆ ಎರಡು ಮಳೆಗಾಲದೊಳಗೆ ಪ್ಲೈ ಊದುತ್ತದೆ. 18ರ ತೂತು ಕೊರೆದು, ಅದರ ತುಂಬ ಎಪಾಕ್ಸಿ ಪೇಸ್ಟ್ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 12ರದನ್ನು ಕೊರೆಯಿರಿ. ಆಗ ನೀರು ಇಳಿದರೂ ಮರ ಮುಟ್ಟುವುದಿಲ್ಲ. ಬೋಲ್ಟ್ 316 ದರ್ಜೆಯ ಸ್ಟೀಲ್ ಆಗಿರಲಿ; ಸಾದಾ ಹಿತ್ತಾಳೆಯ ಸತುವನ್ನು ಉಪ್ಪುನೀರು ಹೀರಿಬಿಡುತ್ತದೆ, ನೋಡಲು ಹಾಗೇ ಇದ್ದು ತಿರುಗಿಸಿದಾಗ ಪುಡಿಯಾಗುತ್ತದೆ. ಇಂಜಿನ್‌ನ ಸತುವಿನ ಬಿಲ್ಲೆಗೆ (ತಾನು ಸವೆದು ಇಂಜಿನ್ನಿನ ಲೋಹವನ್ನು ಉಪ್ಪುನೀರಿನಿಂದ ಕಾಯುವಂಥದ್ದು) ಬಣ್ಣ ಬಳಿಯಬೇಡಿ, ತಾಮ್ರ ಸೇರಿದ ಬಣ್ಣವನ್ನಂತೂ ಅಲ್ಯೂಮಿನಿಯಂ ಕಾಲಿನ ಹತ್ತಿರ ಸುಳಿಯಗೊಡಬೇಡಿ.

ತೇಲಲೆಂದು ಹಲಗೆಯ ಕೆಳಗೆ ಥರ್ಮಕೋಲ್ ತುರುಕಿ ಮೇಲೆ ಪಾಲಿಯೆಸ್ಟರ್ ಬಳಿದರೆ ಸ್ಟೈರೀನ್ ಅದನ್ನು ಸಕ್ಕರೆಯಂತೆ ಕರಗಿಸುತ್ತದೆ. ಒಳಗೆ ಖಾಲಿ ಗೂಡು ಉಳಿಯುತ್ತದೆ. ಸೋರಿದ ಪೆಟ್ರೋಲೂ ಅದನ್ನೇ ಮಾಡುತ್ತದೆ. ಪಾಲಿಯುರೆಥೇನ್ ಫೋಮ್ ಹಲಗೆಗಳನ್ನೇ ಬಳಸಿ.

ನೀರು ಬಿಡುವ ತೂತಿನ ವಿಷಯ ಸಣ್ಣದೆನಿಸುತ್ತದೆ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದಿಂಚಿನ ತೂತು ತೆರೆದುಕೊಂಡರೆ ನಿಮಿಷಕ್ಕೆ ಸುಮಾರು 43 ಲೀಟರ್ ನುಗ್ಗುತ್ತದೆ. ಬಿರಡೆಗೆ ಹಗ್ಗ ಕಟ್ಟಿ, ಒಂದು ಹೆಚ್ಚುವರಿ ಬಿರಡೆ ದೋಣಿಯಲ್ಲೇ ಇರಲಿ.

ನೀರಿಗಿಳಿಸುವ ಮೊದಲಿನ ಅಳತೆಯೂ ಒಂದಿದೆ, ಕೆಲಸ ಶುರುಮಾಡುವ ಮುನ್ನವೇ ಮಾಡಿಟ್ಟುಕೊಳ್ಳಬೇಕಾದದ್ದು. ಹೊಳೆಯ ನಿಂತ ನೀರಿನಲ್ಲಿ ದೋಣಿಯ ಅಂಚು ಒತ್ತಿ ಬಿಟ್ಟು, ಐದು ಸಲ ಪೂರ್ತಿ ಅತ್ತಿತ್ತ ಹೊಯ್ದಾಡಲು ಎಷ್ಟು ಸೆಕೆಂಡ್ ಎಂದು ಬರೆದಿಡಿ. ಎಲ್ಲ ಮುಗಿದ ಮೇಲೆ ಇಂಜಿನ್, ಮಂಜಿನ ಪೆಟ್ಟಿಗೆ, ಎಣ್ಣೆ ಕ್ಯಾನ್ ಇಟ್ಟು ಮತ್ತೆ ಅಳೆಯಿರಿ. ಹೊಯ್ದಾಟ ನಿಧಾನವಾಗಿದ್ದರೆ ಭಾರ ಮೇಲೇರಿದೆ ಎಂದರ್ಥ. ಹಿತವೆನಿಸುವ ಈ ನಿಧಾನವೇ ಅಳಿವೆಯ ಅಲೆಯಲ್ಲಿ ದೋಣಿ ಮಗುಚಿಸುತ್ತದೆ. ಪೆಟ್ಟಿಗೆಯನ್ನು ಅಡ್ಡಹಲಗೆಯ ಮೇಲಿನಿಂದ ತಳಕ್ಕಿಳಿಸಿ, ಎಣ್ಣೆ ಕ್ಯಾನನ್ನು ಮುಂದಕ್ಕೆ ಸರಿಸಿ. ತಳದಲ್ಲಿ ನಿಂತ ನೀರೂ ವಾಲಿದ ಕಡೆಗೇ ಓಡಿ ಭಾರ ಹಾಕುತ್ತದೆ. ನಡುವೆ ಉದ್ದಕ್ಕೆ ನೀರು ದಾಟದಂಥ ಒಂದು ತಡೆಹಲಗೆ ನಿಲ್ಲಿಸಿದರೆ ಆ ಪರಿಣಾಮ ಕಾಲುಭಾಗಕ್ಕೆ ಇಳಿಯುತ್ತದೆ; ನೀರು ಮೊಗೆಯುವಾಗ ಮಾತ್ರ ಎರಡೂ ಕಡೆ ಮೊಗೆಯಬೇಕು.

ಹತ್ತು ದಿನ ಓಡಿಸಿದ ಮೇಲೆ ದಡಕ್ಕೆಳೆದು, ಸುತ್ತಿಗೆಯ ಮರದ ಹಿಡಿಯಿಂದ ಅಡಿಭಾಗವನ್ನು ಗೇಣು ಗೇಣಿಗೆ ತಟ್ಟಿ. ಗಟ್ಟಿ ಅಂಟಿದ ಕಡೆ ಟಣ್ ಎನ್ನುತ್ತದೆ, ಬಿಟ್ಟ ಕಡೆ ಡಬ್ ಎನ್ನುತ್ತದೆ. ಡಬ್ ಎಂದ ಕಡೆಗೆಲ್ಲ ಸೀಮೆಸುಣ್ಣದ ಗುಂಡು ಗೆರೆ ಎಳೆಯಿರಿ. ಅಂಗೈಗಿಂತ ಚಿಕ್ಕದಾದರೆ ಕತ್ತರಿಸಿ, ಒಣಗಿಸಿ, ಅಂಚನ್ನು ನಾಲ್ಕಿಂಚು ಇಳಿಜಾರಾಗಿ ಉಜ್ಜಿ ತೇಪೆ ಹಾಕಬಹುದು. ಗೆರೆಗಳು ಒಂದಕ್ಕೊಂದು ಸೇರಿಕೊಂಡಿದ್ದರೆ ಆ ಬದಿಯನ್ನು ಪೂರ್ತಿ ಕೀಳಬೇಕು.