ಸಿಡಿ4 ಎಣಿಕೆಯ ಎರಡು ವಿಧಾನಗಳನ್ನು ಹೋಲಿಸುವ ಬಗೆ

ಎಚ್‌ಐವಿ ಸೋಂಕಿತರ ರಕ್ತದಲ್ಲಿ ಸಿಡಿ4 ಕಣಗಳು (ಮೈಮೇಲೆ ಸಿಡಿ4 ಎಂಬ ಪ್ರೋಟೀನ್ ಇರುವ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಮೈಕ್ರೋಲೀಟರಿಗೆ 200ಕ್ಕಿಂತ ಕಡಿಮೆಯಾದರೆ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮುತ್ತುವ ಅವಕಾಶವಾದಿ ಸೋಂಕುಗಳ ಅಪಾಯ ಹೆಚ್ಚುತ್ತದೆ. ಆದ್ದರಿಂದ ಪ್ರಯೋಗಾಲಯವು ಎಣಿಕೆಯ ವಿಧಾನವನ್ನು ಬದಲಿಸುವ ಮೊದಲು ಹಳೆಯದನ್ನೂ ಹೊಸದನ್ನೂ ಒಂದೇ ರಕ್ತದ ಮೇಲೆ ನಡೆಸಿ ನೋಡಲೇಬೇಕು.

ಹಳೆಯ ವಿಧಾನದಲ್ಲಿ ಸೆಲ್ ಕೌಂಟರ್ ಕೊಟ್ಟ ಒಟ್ಟು ಲಿಂಫೋಸೈಟ್ (ಸಿಡಿ4 ಕಣಗಳೂ ಸೇರಿರುವ ಒಂದು ಬಗೆಯ ಬಿಳಿ ರಕ್ತಕಣ) ಸಂಖ್ಯೆಯನ್ನು, ಕಣಗಳನ್ನು ಲೇಸರ್ ಬೆಳಕಿನಲ್ಲಿ ಗುರುತಿಸುವ ಫ್ಲೋ ಸೈಟೋಮೀಟರ್ ತೋರಿಸಿದ ಸಿಡಿ4 ಶೇಕಡಾವಾರಿನಿಂದ ಗುಣಿಸುತ್ತಾರೆ. 2,000 ಲಿಂಫೋಸೈಟ್‌ಗಳಲ್ಲಿ ಶೇ. 30 ಎಂದರೆ 600. ಇಲ್ಲಿ ಎರಡು ಯಂತ್ರಗಳ ದೋಷಗಳೂ ಫಲಿತಾಂಶಕ್ಕೆ ಬಂದು ಸೇರುತ್ತವೆ. ಹೊಸದಾದ ಬೀಡ್ ವಿಧಾನದಲ್ಲಿ ಫ್ಲೋ ಸೈಟೋಮೀಟರ್ ಒಂದೇ ಸಾಕು; ಸಂಖ್ಯೆ ಗೊತ್ತಿರುವ ಸಣ್ಣ ಮಣಿಗಳನ್ನು (ಬೀಡ್) ರಕ್ತದ ಜೊತೆ ಎಣಿಸುತ್ತಾರೆ. ಟ್ಯೂಬಿನಲ್ಲಿ 50,000 ಬೀಡ್‌ಗಳಿದ್ದು, 50 ಮೈಕ್ರೋಲೀಟರ್ ರಕ್ತ ಹಾಕಿದಾಗ ಯಂತ್ರವು 10,000 ಬೀಡ್ ಮತ್ತು 2,000 ಸಿಡಿ4 ಕಣಗಳನ್ನು ಎಣಿಸಿದರೆ, ಅದು ಟ್ಯೂಬಿನ ಐದನೇ ಒಂದು ಪಾಲು; ಒಟ್ಟು 10,000 ಸಿಡಿ4 ಕಣಗಳನ್ನು 50ರಿಂದ ಭಾಗಿಸಿದರೆ ಫಲಿತಾಂಶ ಮೈಕ್ರೋಲೀಟರಿಗೆ 200.

ಈ ಲೆಕ್ಕವೆಲ್ಲ ನಿಂತಿರುವುದು ಪಿಪೆಟ್ (ಅಳತೆಯಷ್ಟೇ ದ್ರವ ಎಳೆದು ಬಿಡುವ ಸಾಧನ) ಹಿಡಿದ ಕೈಯ ಮೇಲೆ. ರಕ್ತ ಶೇ. 5ರಷ್ಟು ಕಡಿಮೆ ಬಿದ್ದರೆ ಎಣಿಕೆಯೂ ಅಷ್ಟೇ ತಗ್ಗುತ್ತದೆ. ಹಾಗಾಗಿ ಪಿಪೆಟ್ಟನ್ನು ಎರಡನೆಯ ತಡೆಯವರೆಗೆ ಒತ್ತಿ ರಕ್ತ ಎಳೆದುಕೊಂಡು, ತುದಿಯ ಹೊರಮೈಯನ್ನು ಒರೆಸಿ, ಮೊದಲ ತಡೆಯವರೆಗೆ ಮಾತ್ರ ಒತ್ತಿ ಬಿಡಬೇಕು. ತುದಿಯಲ್ಲಿ ಸ್ವಲ್ಪ ರಕ್ತ ಉಳಿಯುವುದೇ ಸರಿ. ಬೀಡ್ ಇರುವ ಟ್ಯೂಬನ್ನು ತೊಳೆಯಲೇಬಾರದು, ತೊಳೆದರೆ ಬೀಡ್‌ಗಳೂ ಕಣಗಳೂ ಬೇರೆ ಬೇರೆ ಪ್ರಮಾಣದಲ್ಲಿ ನಷ್ಟವಾಗುತ್ತವೆ.

ಸಿಡಿ4 ಎಣಿಕೆಯು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುವುದರಿಂದ ಎರಡೂ ಪರೀಕ್ಷೆಗಳಿಗೆ ಒಂದೇ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಟ್ಯೂಬಿನ ರಕ್ತ ಬಳಸಿ. ಅದನ್ನು ಫ್ರಿಜ್ಜಿನಲ್ಲಿಡದೆ, ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ, ಕೆಲವೇ ಗಂಟೆಗಳೊಳಗೆ ಎರಡನ್ನೂ ಮುಗಿಸಿ. ಮಾನೋಸೈಟ್ ಎಂಬ ಬೇರೆ ಬಗೆಯ ಬಿಳಿ ರಕ್ತಕಣಗಳ ಮೇಲೂ ಮಂದವಾಗಿ ಸಿಡಿ4 ಇರುತ್ತದೆಯಾದ್ದರಿಂದ, ಅವುಗಳ ಮೇಲಿಲ್ಲದ ಸಿಡಿ3 ಎಂಬ ಪ್ರೋಟೀನೂ ಇರುವ ಕಣಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕನಿಷ್ಠ 40 ಮಾದರಿಗಳಿರಲಿ, ಅವುಗಳಲ್ಲಿ ಸಾಕಷ್ಟು 200ರ ಆಸುಪಾಸಿನವಾಗಿರಲಿ. ಎರಡು ಅಳತೆಗಳು ಜೊತೆಜೊತೆಗೆ ಏರಿಳಿಯುತ್ತವೆಯೇ ಎಂದು ಹೇಳುವ ಸಹಸಂಬಂಧ ಗುಣಾಂಕವೊಂದನ್ನೇ ನೋಡಿ ತೃಪ್ತರಾಗುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು: ಒಂದು ಯಂತ್ರ ಯಾವಾಗಲೂ ಎರಡರಷ್ಟು ತೋರಿಸಿದರೂ ಅದು 1 ಎಂದೇ ಬರುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವಿವರಿಸಿದಂತೆ, ಪ್ರತಿ ಜೋಡಿಯ ಸರಾಸರಿಯನ್ನು ಅಡ್ಡಕ್ಕೂ ವ್ಯತ್ಯಾಸವನ್ನು ಲಂಬಕ್ಕೂ ಗುರುತಿಸಿ, ಸರಾಸರಿ ವ್ಯತ್ಯಾಸದ ಎರಡೂ ಕಡೆ ಪ್ರಮಾಣ ವಿಚಲನೆಯ (ವ್ಯತ್ಯಾಸಗಳು ಎಷ್ಟು ಚದುರಿವೆ ಎಂಬ ಅಳತೆ) 1.96 ಪಟ್ಟು ದೂರದಲ್ಲಿ ಗೆರೆ ಎಳೆಯಿರಿ. ಎಣಿಕೆ ಹೆಚ್ಚಿದಂತೆ ಚುಕ್ಕೆಗಳು ಚದುರಿದರೆ ವ್ಯತ್ಯಾಸವನ್ನು ಶೇಕಡಾವಾರಿನಲ್ಲಿ ಬರೆಯಿರಿ. ಕೊನೆಗೆ, ಒಂದು ವಿಧಾನದಲ್ಲಿ 200ಕ್ಕಿಂತ ಕೆಳಗೂ ಇನ್ನೊಂದರಲ್ಲಿ ಮೇಲೂ ಬಂದ ಮಾದರಿಗಳನ್ನು ಬೇರೆ ಮಾಡಿ, ರಕ್ತ ಹಳತಾಗುವ ಮುನ್ನ ಅದೇ ಟ್ಯೂಬಿನಿಂದ ಮತ್ತೊಮ್ಮೆ ಎಣಿಸಿ.