ಇರಾನಿನ ಆತ್ಮಕಥನ ಅರ್ಧಕ್ಕೆ ಬಿಟ್ಟವರಿಗೆ

ಉಡುಪಿಯ ನಮ್ಮ ಓದುಗರ ಬಳಗಕ್ಕಾಗಿ ಕೈಗೆತ್ತಿಕೊಂಡ ಇರಾನಿನ ಮಹಿಳೆಯ ಆತ್ಮಕಥನವನ್ನು ನಾನೂ ನಲವತ್ತು ಪುಟಕ್ಕೇ ಮುಚ್ಚಿಟ್ಟಿದ್ದೆ. ಹೆಸರುಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. 1357 ಎಂದರೆ ಯಾವ ಕಾಲವೆಂದೇ ತಿಳಿಯಲಿಲ್ಲ. ನಿಮ್ಮಲ್ಲೂ ಕೆಲವರು ಬಿಟ್ಟಿದ್ದೀರಂತೆ, ದಯವಿಟ್ಟು ಮತ್ತೆ ತೆರೆಯಿರಿ.

ಮೊದಲು ಕಾಲವನ್ನು ಸರಿಪಡಿಸಿಕೊಳ್ಳಿ. ಇರಾನಿನ ಸೌರವರ್ಷ ಮಾರ್ಚ್ 21ರ ಸುಮಾರಿಗೆ ಆರಂಭವಾಗುತ್ತದೆ. ಅವರ ವರ್ಷಕ್ಕೆ 621 ಕೂಡಿಸಿ. ಜನವರಿಯಿಂದ ಮಾರ್ಚ್ ನಡುವಿನ ಘಟನೆಯಾದರೆ 622. ಹಾಗಾಗಿ 1357ರ ಕೊನೆಯ ತಿಂಗಳುಗಳೆಂದರೆ 1979ರ ಆರಂಭ: ಇರಾನಿನ ದೊರೆ ಶಾ ದೇಶ ಬಿಟ್ಟ, ಅವನ ವಿರುದ್ಧದ ಕ್ರಾಂತಿ ಗೆದ್ದ ದಿನಗಳು. 1980ರಿಂದ 1988ರವರೆಗೆ ಇರಾಕ್ ಜೊತೆ ಯುದ್ಧ. ಇಷ್ಟನ್ನು ರಟ್ಟಿನ ಒಳಬದಿಗೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ. ಹೆಸರಿನ ಜೊತೆ ಬರುವ ‘ಖಾನುಮ್’ ಹೆಂಗಸರಿಗೆ ಗೌರವಸೂಚಕ, ‘ಜಾನ್’ ಅಕ್ಕರೆಯದು.

ನನಗೆ ಬಾಗಿಲು ತೆರೆದದ್ದು ಇರಾನಿನ ಹೊಸ ವರ್ಷದ ಹಬ್ಬ ನೌರೂಜ್. ಹೊಸ ವರ್ಷಕ್ಕೆ ಅವರು ಕನ್ನಡಿ, ಮೊಳಕೆಯೊಡೆದ ಗೋಧಿ, ‘ಸ’ ಸದ್ದಿನಿಂದ ಶುರುವಾಗುವ ಏಳು ವಸ್ತುಗಳನ್ನು ಜೋಡಿಸಿಡುತ್ತಾರೆ. ನಮ್ಮ ತುಳುನಾಡಿನ ಹೊಸ ವರ್ಷವಾದ ಬಿಸು ಹಬ್ಬದ ಮುಂಜಾನೆ, ಎದ್ದೊಡನೆ ನೋಡಲೆಂದು ಅಜ್ಜಿ ಮಂಗಳವಸ್ತುಗಳನ್ನು ಜೋಡಿಸಿ ಇಡುತ್ತಿದ್ದ ಕಣಿ ಕಣ್ಣಮುಂದೆ ಬಂದು, ಆ ಅಧ್ಯಾಯವನ್ನು ಎರಡು ಸಲ ಓದಿದೆ.

ಆದರೆ ಎಲ್ಲೆಡೆ ಹೋಲಿಕೆ ಹುಡುಕಬೇಡಿ. ಬಾಂಬ್ ದಾಳಿಯ ಸೈರನ್ ಕೇಳಿ ನೆಲಮಾಳಿಗೆಗೆ ಓಡುವ ಮಗುವಿನ ಭಯಕ್ಕೆ ನನ್ನ ಬಾಲ್ಯದಲ್ಲಿ ಸಾಟಿಯಿಲ್ಲ. ಅಂಥ ಪುಟಗಳಲ್ಲಿ ನಿಧಾನವಾಗಿ, ಆಕೆ ಹೇಳುವುದನ್ನಷ್ಟೇ ಕೇಳಿ. ಅರ್ಥವಾಗದ ಕಡೆ ಗುರುತು ಹಾಕಿ ತನ್ನಿ, ಭಾನುವಾರ ಜೊತೆಯಾಗಿ ಓದೋಣ.