ವಿಲ್ಸನ್ ಕಾಯಿಲೆಗೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಳ್ಳುವ ಮುಂಚೆ

ಮಗುವಿಗೆ ವಿಲ್ಸನ್ ಕಾಯಿಲೆ ಅಂತ ಗೊತ್ತಾದ ಕೂಡಲೇ ನಮ್ಮ ದಾವಣಗೆರೆ ಕಡೆ ನೆಂಟರೆಲ್ಲ ಲಿವರ್ ಟಾನಿಕ್ ಹೆಸರು ಹೇಳೋಕೆ ಶುರು ಮಾಡ್ತಾರೆ. ಸ್ವಲ್ಪ ತಡೀರಿ.

ಈ ಕಾಯಿಲೆಯಲ್ಲಿ ಎಟಿಪಿ7ಬಿ ಅನ್ನೋ ಜೀನ್ ಕೆಟ್ಟಿರುವುದರಿಂದ ಲಿವರ್ ತಾಮ್ರವನ್ನು ಪಿತ್ತದ ಮೂಲಕ ಹೊರಗೆ ಹಾಕಲಾರದು. ಉಳಿದ ತಾಮ್ರ ಫ್ರೀ ರ್‍ಯಾಡಿಕಲ್ ಅನ್ನೋ ಹಾನಿಕಾರಕ ಕಣಗಳನ್ನು ಹುಟ್ಟಿಸಿ ಜೀವಕೋಶಗಳನ್ನು ಹಾಳು ಮಾಡುತ್ತದೆ. ವಿಟಮಿನ್ ಇ ಅನ್ನೋ ಆಂಟಿಆಕ್ಸಿಡೆಂಟ್ ಈ ಹಾನಿ ತಡೆಯಲು ಸ್ವಲ್ಪ ನೆರವಾಗಬಹುದು ಅಂತ ಕೆಲವು ಡಾಕ್ಟರು ಬರೆದುಕೊಡುತ್ತಾರೆ, ಆದರೆ ಅದು ತಾಮ್ರವನ್ನು ಹೊರಗೆ ಹಾಕಲ್ಲ. ಆ ಕೆಲಸ ಪೆನಿಸಿಲಮೈನ್ ಅಥವಾ ಟ್ರೈಯೆಂಟಿನ್‌ದು. ಜಿಂಕ್ ಕರುಳಿನಲ್ಲೇ ತಾಮ್ರವನ್ನು ತಡೆಯುತ್ತದೆ. ಇವನ್ನು ಬಿಟ್ಟು ಬರೀ ವಿಟಮಿನ್ ನಂಬಿದರೆ ಲಿವರ್ ಕೈಕೊಡುತ್ತದೆ, ಜೀವಕ್ಕೇ ಅಪಾಯ.

ಅಂಗಡಿಯಲ್ಲಿ ಆಂಟಿಆಕ್ಸಿಡೆಂಟ್ ಅಂತ ಕೊಡುವ ಕ್ಯಾಪ್ಸೂಲ್‌ನ ಪಟ್ಟಿ ತಿರುಗಿಸಿ ನೋಡಿ. ಜಿಂಕ್, ಸೆಲೆನಿಯಂ ಜೊತೆಗೆ ಸಣ್ಣಕ್ಷರದಲ್ಲಿ ಕಾಪರ್ ಸಲ್ಫೇಟ್ ಅಂತ ಇರುತ್ತೆ ಎಷ್ಟೋ ಸಲ. ಕಾಪರ್ ಅಂದ್ರೆ ತಾಮ್ರ, ಅದೇ ನಮಗೆ ಬೇಡದ್ದು, ವಾಪಸ್ ಕೊಡಿ. ಮಲ್ಟಿವಿಟಮಿನ್‌ಗೂ ಇದೇ ಮಾತು. ವಿಟಮಿನ್ ಇ ಬೇಕಾದರೆ ಅದೊಂದೇ ಇರುವ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟೇ ತಗೊಳ್ಳಿ. ಎನ್-ಅಸಿಟೈಲ್‌ಸಿಸ್ಟೀನ್ ಅನ್ನೋ ಇನ್ನೊಂದು ಆಂಟಿಆಕ್ಸಿಡೆಂಟ್ ಔಷಧವನ್ನು ಲಿವರ್ ದಿಢೀರ್ ಕೆಟ್ಟಾಗ ಆಸ್ಪತ್ರೆಯಲ್ಲಿ ಕೊಡುವುದುಂಟು, ಮನೇಲಿ ನೀವಾಗೇ ಶುರು ಮಾಡಬೇಡಿ.

ಪೆನಿಸಿಲಮೈನ್ ಖಾಲಿ ಹೊಟ್ಟೆಗೇ ಕೊಡಬೇಕು, ಊಟಕ್ಕೆ 1 ಗಂಟೆ ಮುಂಚೆ ಇಲ್ಲವೇ 2 ಗಂಟೆ ಆದಮೇಲೆ. ಜೊತೆಗೆ ಬಿ6 ಬರೆದಿರುತ್ತಾರೆ, ಅದನ್ನೂ ತಪ್ಪಿಸಬೇಡಿ. ಪೆನಿಸಿಲಮೈನ್, ಜಿಂಕ್ ಎರಡೂ ಬರೆದಿದ್ದರೆ ಒಟ್ಟಿಗೆ ನುಂಗಿಸಬೇಡಿ, ನಡುವೆ ಸಮಯ ಬಿಡಿ. ಮಗು ಚೆನ್ನಾಗಿದೆ ಅಂತ ಔಷಧ ನಿಲ್ಲಿಸಲೇಬೇಡಿ, ಇದು ಜೀವನಪರ್ಯಂತದ್ದು.

ತಾಮ್ರದ ಬಿಂದಿಗೆ, ತಂಬಿಗೆ ನೀರು ಬೇಡ. ಕುರಿ ಲಿವರ್, ಅಣಬೆ, ಚಾಕೊಲೇಟ್, ಗೋಡಂಬಿ ಬೇಡ. ಮಂಡಕ್ಕಿ ಕೊಡಿ ಪರವಾಗಿಲ್ಲ, ಆದರೆ ಶೇಂಗಾ ಆರಿಸಿ ತೆಗೆದು ಕೊಡಿ, ಶೇಂಗಾ ಚಟ್ನಿಪುಡಿಯೂ ಬೇಡ, ಮೊದಲ ವರ್ಷವಂತೂ ಕಟ್ಟುನಿಟ್ಟು.

ಮೂತ್ರದಲ್ಲಿ ತಾಮ್ರ ಎಷ್ಟು ಹೋಗುತ್ತಿದೆ ಅಂತ ನೋಡುವ 24 ಗಂಟೆ ಮೂತ್ರದ ಟೆಸ್ಟ್‌ಗೆ ಬೆಳಗಿನ ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ ಪ್ರತಿ ಹನಿಯನ್ನೂ ಲ್ಯಾಬ್ ಕೊಟ್ಟ ಕ್ಯಾನ್‌ಗೇ ಹಿಡಿಯಿರಿ. ಕೈ ನಡುಕ, ಮಾತು ತೊದಲಿಕೆ ಕಂಡರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಲು ಯೋಚಿಸುತ್ತಾ ಕೂರಬೇಡಿ.

ಇನ್ನೊಂದು, ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಈ ಕಾಯಿಲೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಟ ಆಡ್ಕೊಂಡು ಚೆನ್ನಾಗೇ ಇರುವ ತಮ್ಮ ತಂಗಿಯನ್ನೂ ಈಗಲೇ ಪರೀಕ್ಷೆ ಮಾಡಿಸಿ.